ಮೂರರಾಚೆ

ಚಿಂತಾಮಣಿಯ ಡ್ರಾಯಿಂಗ್ ಮೇಷ್ಟ್ರು ನಂಜುಂಡರೆಡ್ಡಿ,
ಜಪಾನಿನ ಯಾವುದೋ ಮಠದಲ್ಲಿ ಎರಡು ಚಳಿಗಾಲ ಕೂತು ಬಂದವರು,
ನನಗೆ ಕಲಿಸಿದ್ದು ಇಷ್ಟೇ:
ಗೋಡೆಗೆ ಮುಖ ಮಾಡು, ಉಸಿರೆಣಿಸು.
ಹತ್ತಾದರೆ ಮತ್ತೆ ಒಂದು.
ತಪ್ಪಿದರೂ ಒಂದು.

ಹನ್ನೊಂದು ವರ್ಷವಾಯಿತು.
ನಾಲ್ಕರ ಮುಖ ನೋಡಿದ್ದು ಅಪರೂಪ.
ಮೂರಕ್ಕೆ ಬರುವಷ್ಟರಲ್ಲಿ
ಅಲುವೇಲುವಿನ ಊದಿದ ಪಾದ ಗೋಡೆಯ ಮೇಲೆ,
ಹೆಬ್ಬೆರಳು ಒತ್ತಿದರೆ ಬೀಳುವ ಗುಳಿ,
ಎಷ್ಟು ಹೊತ್ತಾದರೂ ತುಂಬದು.

ನಾನು ಶಿಡ್ಲಘಟ್ಟದ ನೂಲು ಬಿಚ್ಚುವವನು.
ನಸುಕಿನಲ್ಲಿ ಕೈ ಮುಗಿದು ಹೇಳುತ್ತೇನೆ:
ಲೆಕ್ಕಕ್ಕೆ ಸಿಗದ ಜೀವಗಳೇ, ಎಲ್ಲರನ್ನೂ ದಾಟಿಸುತ್ತೇನೆ.
ಆರು ಗಂಟೆಗೆ ಗೂಡು ಬೇಯಿಸುತ್ತೇನೆ,
ಕಿಲೋಗೆ ಆರುನೂರರ ಲೆಕ್ಕ.
ಮೇಷ್ಟ್ರನ್ನು ಕೇಳಿದ್ದೆ, ಇದಕ್ಕೇನು ಮಾಡಲಿ?
ಅವರು ನನ್ನ ಬೆಂದ ಬೆರಳನ್ನು ನೋಡಿ
ಬರ್ನಾಲ್ ತರಲು ಒಳಗೆ ಹೋದರು.

ಸೋಮವಾರ, ಗುರುವಾರ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆ.
ಒಳಗೆ ಅವಳ ರಕ್ತ ನಾಲ್ಕು ತಾಸು ಹೊರಗೆ ತಿರುಗಿ ಬರುತ್ತದೆ.
ನಾನು ಕಬ್ಬಿಣದ ಬೆಂಚನ್ನು ಗೋಡೆಯ ಕಡೆ ತಿರುಗಿಸಿ ಕೂರುತ್ತೇನೆ.
ಎದೆಮಟ್ಟಕ್ಕೆ ಹಸಿರು ಆಯಿಲ್ ಪೇಂಟು, ಮೇಲೆ ಸುಣ್ಣ,
ನಡುವೆ ಯಾರೋ ಮೊಳೆಯಿಂದ ಕೆರೆದ ಫೋನ್ ನಂಬರು.
ನರ್ಸಮ್ಮ ಹೆಗಲು ಮುಟ್ಟಿ, ಅಂಕಲ್, ಬಿಪಿ ನೋಡ್ಲಾ? ಅನ್ನುತ್ತಾಳೆ.
ನೋಡಿಸಿಕೊಂಡೆ ಒಮ್ಮೆ. ನೂರ ಅರವತ್ತಿತ್ತು.

ಅವಳ ತಮ್ಮನ ಕಿಡ್ನಿ ಹೊಂದುವುದಿಲ್ಲವೆಂದು ಹೇಳಿದ ಸಂಜೆ
ಕೂರುವ ದಿಂಬನ್ನು ಅಟ್ಟದ ಮೇಲೆಸೆದೆ.
ಬಿಚ್ಚದೆ ಉಳಿದ ಸಿಕ್ಕುನೂಲು ತುಂಬಿ
ಅವಳೇ ಹೊಲಿದ ದಿಂಬು.
ಮೇಷ್ಟ್ರಿಗೆ ಫೋನು ಮಾಡಿದೆ:
ನನ್ನ ಕೈಲಿ ಆಗ್ತಾ ಇಲ್ಲ.
ಆ ಕಡೆ ಕುಕ್ಕರು ಕೂಗಿತು, ಇನ್ನೊಮ್ಮೆ ಕೂಗಿತು.
ನನ್ನ ಕೈಲೂ, ಅಂದರು.
ಇಬ್ಬರೂ ಸುಮಾರು ಹೊತ್ತು ಫೋನು ಇಡಲಿಲ್ಲ.

ಅಟ್ಟದ ಮೇಲೇ ಇತ್ತು ದಿಂಬು ಒಂಬತ್ತು ದಿನ.
ಹತ್ತನೆಯ ರಾತ್ರಿ ನಿದ್ದೆ ಬಾರದೆ ನಾನು ಹೊರಳುತ್ತಿದ್ದರೆ
ಕತ್ತಲಲ್ಲಿ ಅವಳ ದನಿ, ಸಿಡುಕು ಬೆರೆತದ್ದು:
ದಾನ್ನಿ ದಿಂಪುಕೊನಿ ಕೂಚೋ. ನೇನು ಲೆಕ್ಕಪೆಡ್ತಾ.

ಸ್ಟೂಲು ಹತ್ತಿ ತಂದೆ. ಇಲಿ ಒಂದು ಮೂಲೆ ಕಡಿದಿತ್ತು.
ಗೋಡೆಗೆ ತಿರುಗಿ ಕೂತೆ.
ಬೆನ್ನ ಹಿಂದಿನಿಂದ ಅವಳು,
ಸಂತೆಯಲ್ಲಿ ತೆಂಗಿನಕಾಯಿ ಎಣಿಸುವಂತೆ:
ಒಕಟಿ.
ರೆಂಡು.
ಮೂಡು ಅನ್ನುವಾಗ ನಾಲಿಗೆ ತೊದಲಿ
ಗೊರಕೆಯಾಯಿತು.

ಎಬ್ಬಿಸಲಿಲ್ಲ.
ಆಚೆ ಬಾಯ್ಲರು ಹೊತ್ತಿಸುವ ಸೈಫುಲ್ಲಾ ಬಂದು
ಬಾಗಿಲ ಚಿಲಕ ಆಡಿಸುತ್ತಿದ್ದ.
ಬಂದೆ, ಅನ್ನಬೇಕೆಂದುಕೊಂಡೆ.
ಒಂದು.