ಒಡೆದದ್ದು, ಒಂದು

ಹಳೇ ಹಂಚಿಗೆ ಈಗ ಹೊಸದಕ್ಕಿಂತ ರೇಟು.
ಮಾಲೂರಿನಾಚೆ ಮುಚ್ಚಿದ ಕಾರ್ಖಾನೆಯ ಮಾಡು ಇಳಿಸುತ್ತಿದ್ದೇವೆ.
ಅಬ್ಬಯ್ಯ ಮೇಲಿಂದ ಜಾರಿಸುತ್ತಾನೆ, ಗುಲ್ಜಾರ್ ಹಿಡಿಯುತ್ತಾನೆ,
ನೂರಕ್ಕೊಂದು ಗೀಟು ಎಳೆಯುವವಳು ನಾನು.

ಮೂರು ಸಾವಿರದ ನಾನೂರು ದಾಟಿದ ಮೇಲೆ
ಗುಲ್ಜಾರ್ ಕೂಗಿದ: ಅಕ್ಕಾ, ಇಲ್ನೋಡಿ.
ಹಂಚಿನ ಬೆನ್ನಲ್ಲಿ ನಾಯಿಯ ಹೆಜ್ಜೆ.
ಒಂದೇ. ಓಡುತ್ತಿತ್ತೇನೋ, ಮಿಕ್ಕ ಮೂರು ಕಾಲು
ಬೇರೆ ಮೂರು ಹಂಚಿನ ಮೇಲೆ, ಬೇರೆ ಮೂರು ಊರಲ್ಲಿ.

ನಮ್ಮಜ್ಜಿ ಮುನಿಬೈಯಮ್ಮ ಹೇಳುತ್ತಿದ್ದಳು:
ಕಾರ್ಖಾನೆಗೆ ಮೊದಲು ಇಲ್ಲಿ ಊರಿರಲಿಲ್ಲ,
ಕೆರೆಯಿತ್ತು, ಕೆರೆಯ ಹಿಂದೆ ಜಾಲಿ,
ಜಾಲಿಯೊಳಗೆ ಚಕ್ರ ತಿರುಗಿಸುವ ಐದು ಮನೆ.
ಮಾತೆಲ್ಲ ತೆಲುಗು, ಮಣ್ಣಿಗೆ ಬೈಯುವುದು ಮಾತ್ರ ಕನ್ನಡ.
ಒಂದು ದಿನ ರತ್ನಸಭಾಪತಿ ಮುದಲಿಯಾರರು ಜಟಕಾ ಇಳಿದು
ಕೆರೆಯಂಗಳದ ಜೇಡಿ ಒಂದು ಚಿಟಿಕೆ
ನಾಲಗೆಗೆ ಇಟ್ಟುಕೊಂಡರಂತೆ.
ಉಗುಳಲಿಲ್ಲವಂತೆ.
ಅಷ್ಟೇ, ಊರಾಯಿತು.

ಆಮೇಲೆ ಚಿಮಣಿ. ಆಮೇಲೆ ಕೂಲಿ ಲೈನು,
ಕುಪ್ಪಂನಿಂದ, ಹೊಸೂರಿನಿಂದ, ಎಲ್ಲಿಂದಲೋ ಜನ,
ಸೈರನ್ನು ಕೇಳಿ ಏಳುವ ಕೋಳಿ.
ಮಡಕೆ ತಟ್ಟುತ್ತಿದ್ದ ಕೈ ಪ್ರೆಸ್ಸಿನ ಹಿಡಿ ಜಗ್ಗಿತು,
ದಿನಕ್ಕೆ ಎಂಟುನೂರು, ಎಲ್ಲಾ ಒಂದೇ ಥರ.
ಐದು ಚಕ್ರಗಳಲ್ಲಿ ಒಂದರ ಕಲ್ಲು
ಆಫೀಸಿಗೆ ಮೆಟ್ಟಿಲಾಯಿತು;
ಉಳಿದವು ಏನಾದವೋ, ಅಜ್ಜಿಗೂ ಗೊತ್ತಿರಲಿಲ್ಲ.
ಕೆರೆ? ಅದು ಮಾಡು ಹತ್ತಿ ಹೋಯಿತು.
ಮದರಾಸಿನ ಯಾವುದೋ ಶಾಲೆ, ಯಾವುದೋ ಸ್ಟೇಷನ್ನು,
ಯಾರದೋ ಬಾಣಂತಿ ಕೋಣೆ,
ಅಲ್ಲೆಲ್ಲ ಇಳಿಜಾರಾಗಿ ಮಲಗಿದೆ ನಮ್ಮ ಕೆರೆಯಂಗಳ,
ಮಳೆ ಬಂದರೆ ಒಂದು ತೊಟ್ಟೂ ಒಳಗೆ ಬಿಡದೆ.

ಅಜ್ಜಿ ಸಾಕಿದ್ದ ನಾಯಿಯ ಹೆಸರು ಮೇಸ್ತ್ರಿ.
ಒಣಗಲಿಟ್ಟ ಸಾಲಿನ ಮೇಲೆ ಅದು ಓಡಿತೆಂದು
ಅವಳ ಕೂಲಿಯಲ್ಲಿ ನಾಲ್ಕು ಹಂಚಿನ ದುಡ್ಡು ಮುರಿದುಕೊಂಡರಂತೆ.
ಮುರಿದೂ, ಆ ನಾಲ್ಕನ್ನು ಸುಟ್ಟು
ಒಳ್ಳೇ ಮಾಲಿಗೇ ಸೇರಿಸಿದರಂತೆ.
ಇದನ್ನು ಹೇಳುವಾಗೆಲ್ಲ ನಗುತ್ತಿದ್ದಳು, ಕೆಮ್ಮು ಬರುವ ತನಕ.

ಇದು ಅದೇ ನಾಯಿಯೆಂದು ನಾನು ಆಣೆ ಮಾಡಲಾರೆ.
ಹಂಚಿನ ಬಯಲಲ್ಲಿ ನಾಯಿಗೇನು ಬರ.

ವೈಟ್‌ಫೀಲ್ಡಿನ ಹೋಟೆಲಿನವರ ಫೋನು: ಎಷ್ಟಾಯಿತಮ್ಮ?
ಐದು ಸಾವಿರದ ಇನ್ನೂರ ಹನ್ನೊಂದು, ಅಂದೆ.
ಪುಸ್ತಕದ ಕೆಳಗೆ ಬರೆದೆ: ಒಡೆದದ್ದು, ಒಂದು.
ಅಬ್ಬಯ್ಯ ನೋಡಿದ. ಏನೂ ಅನ್ನದೆ ಬೀಡಿ ಹಚ್ಚಿದ.

ಈಗ ಅದು ನಮ್ಮನೆ ನೀರಿನ ಮಡಕೆಗೆ ಮುಚ್ಚಳ.
ಸರಿಯಾಗಿ ಕೂರುವುದಿಲ್ಲ, ಒಂದು ಕಡೆ ಎದ್ದಿರುತ್ತದೆ.
ಕರೆಂಟು ಹೋದ ರಾತ್ರಿ ತಡವಿಕೊಂಡು ಹೋದರೆ
ನೀರಿಗಿಂತ ಮೊದಲು ಬೆರಳಿಗೆ ಸಿಗುತ್ತದೆ
ಆ ತಗ್ಗು.