ಹುಬ್ಬಿನ ಗಂಟು

ಹಣೆಯ ಮೇಲಿನ ಕಾಳುಮೆಣಸಿನಷ್ಟು ಗಡ್ಡೆ
ಕೊಯ್ದು ತೆಗೆದು ಏಳು ಹೊಲಿಗೆ.
ಬಿಚ್ಚುವ ದಿನ ಮಡಿಕೇರಿಯ ಡಾಕ್ಟರ್ ನಫೀಸಾ,
‘ಗಾಯ ಮಾಗುವ ತನಕ ಹುಬ್ಬು ಗಂಟಿಕ್ಕಬೇಡಿ’ ಅಂದರು.
ನಗು ಬಂತು.
ವಿರಾಜಪೇಟೆ ಸಂತೆಯಲ್ಲಿ ಹಂದಿಮಾಂಸದ ಬೆಲೆ
ಇಳಿಸಿದ್ದೇ ಈ ಗಂಟಿನಿಂದ;
ಮಾತು ಖರ್ಚು ಮಾಡಿದವಳಲ್ಲ ನಾನು.

ಹಾಗಾದರೆ ಸೂಜಿ, ಅಂದರು.
ಗಾಯದ ಆಚೆ ಈಚೆ ನಾಲ್ಕು ಚುಚ್ಚು,
ಸ್ನಾಯು ಮಲಗುತ್ತದೆ, ಚರ್ಮ ಎಳೆದಾಡುವುದಿಲ್ಲ,
ಕಲೆ ಕೂದಲೆಳೆಯಾಗಿ ಕೂರಬಹುದು.
ಮೂರು ನಾಲ್ಕು ತಿಂಗಳು, ಆಮೇಲೆ ತಾನೇ ಏಳುತ್ತದೆ.
ಯಾವ ಔಷಧಿ?
ಬೊಟ್ಯುಲಿನಂ.
ಹುಳಿ ಸಾಲದ ಬಾಟಲಿಯಲ್ಲಿ ಹುಟ್ಟುವ ವಿಷ,
ಇಲ್ಲಿ ಕಣದಷ್ಟು.

ಅಯ್ಯೋ, ಇವನ ಪರಿಚಯ ನನಗುಂಟು!
ಹೆಸರು ಗೊತ್ತಿರಲಿಲ್ಲ ಅಷ್ಟೆ.
ಪಂದಿ ಉಪ್ಪಿನಕಾಯಿಯ ಪ್ರತಿ ಭರಣಿಗೂ
ಕಾಚಂಪುಳಿ ಒಂದು ಚಮಚ ಹೆಚ್ಚೇ ಬೀಳಲಿ
ಅಂತ ಅತ್ತೆ ದೇಚಮ್ಮ ಬೈದದ್ದು ಯಾರ ಹೆದರಿಕೆಗೆ?
ಮೂವತ್ತು ವರ್ಷ ಮುಚ್ಚಳದಾಚೆ ನಿಲ್ಲಿಸಿದವನನ್ನು
ದುಡ್ಡು ಕೊಟ್ಟು ಹಣೆಗೆ ಕರೆದೆ.

ವಾರಕ್ಕೆ ಹಣೆ ತೊಳೆದಿಟ್ಟ ತಟ್ಟೆ.
ಸಂತೆಯ ಪೂಣಚ್ಚ ಕಿಲೋಗೆ ನಲವತ್ತು ಹೆಚ್ಚು ಹೇಳಿದ.
ಗಂಟಿಕ್ಕಿದೆ. ಗಂಟು ಬೀಳಲಿಲ್ಲ.
ಒಪ್ಪಿದಳು ಅಂದುಕೊಂಡು ತೂಗಿಯೇಬಿಟ್ಟ.
ಮನೆಯಲ್ಲಿ ಇವರು, ‘ಏನು, ಇವತ್ತು ಸಿಟ್ಟಿಲ್ಲವಾ?’
ಇತ್ತು. ಹೊರಬರಲು ಬಾಗಿಲಿರಲಿಲ್ಲ.
ಮದುವೆಯಾದ ಮೇಲೆ ಮೊದಲ ಸಲ
ಪೂರ್ತಿ ವಾಕ್ಯಗಳಲ್ಲಿ ಜಗಳವಾಡಿದೆ.
ಅವರು ಕೂತು ಕೇಳಿದರು.

ನಾಲ್ಕನೇ ತಿಂಗಳು ಭರಣಿ ಬಿಗಿಯುವಾಗ
ಬಲಹುಬ್ಬು ಮೆಲ್ಲನೆ ಅಲುಗಿತು.
ಕನ್ನಡಿಯಲ್ಲಿ ಕಲೆಯನ್ನು ಬೆರಳಿಟ್ಟು ಹುಡುಕಬೇಕು;
ಗಂಟು ಮಾತ್ರ ದಾರಿ ಕೇಳದೆ
ಹಳೆಯ ಜಾಗಕ್ಕೆ ಬಂದು ಕೂತಿದೆ.
ಪೂಣಚ್ಚನ ಹತ್ತಿರ ನಲವತ್ತು ರೂಪಾಯಿ ಬಾಕಿಯಿದೆ.