ಆರು ನಿಮಿಷ

ಗಾಜಿನ ಕೊಳವೆ, ಇಪ್ಪತ್ತೈದು ಡಿಗ್ರಿ ನೀರು,
ಹದಿನೇಳನೇ ನಂಬರಿನ ಇಲಿ,
ಬಾಲಕ್ಕೆ ನೇರಳೆ ಮಾರ್ಕರಿನ ಎರಡು ಗೆರೆ.
ನನ್ನ ಕೈಯಲ್ಲಿ ಸ್ಟಾಪ್‌ವಾಚು.
ಕಿಟಕಿಯಾಚೆ ದಾವಣಗೆರೆಯ ಏಪ್ರಿಲ್.

ಮೊದಲ ಎರಡು ನಿಮಿಷ ಲೆಕ್ಕಕ್ಕಿಲ್ಲ.
ಆಮೇಲೆ ಅದು ಈಜಿದ್ದನ್ನಲ್ಲ,
ಈಜದೆ ನಿಂತದ್ದನ್ನು ಎಣಿಸಬೇಕು.
ನಿಂತ ಸೆಕೆಂಡು ಹೆಚ್ಚಾದರೆ ಹತಾಶೆ,
ಕಡಿಮೆಯಾದರೆ ಔಷಧ.
ಅಷ್ಟು ಸುಲಭ, ಪ್ರೋಟೋಕಾಲಿನ ನಾಲ್ಕನೇ ಪುಟದಲ್ಲಿ.

ಈವರೆಗಿನ ಗುಳಿಗೆಗಳು ಬಹುಮಟ್ಟಿಗೆ
ಒಂದೇ ಓಣಿಯ ಬಾಗಿಲು ಬಡಿದವು.
ಕೆಲವರು ತೆರೆದರು, ಅದೂ ಮೂರು ವಾರ ಕಾಯಿಸಿ.
ನಮ್ಮ ಗೈಡು ಬೋರ್ಡಿನ ಮೇಲೆ ಬೇರೆ ಕ್ರಾಸು ಬರೆದರು:
ಗ್ಲುಟಮೇಟು, ಅದರ ರಿಸೆಪ್ಟರು,
ರಿಸೆಪ್ಟರಿನ ಮಗ್ಗುಲಲ್ಲೊಂದು ಸಂದು.
ಅಲ್ಲಿ ಕೂರಬಲ್ಲ ಅಣುವನ್ನು ಹುಡುಕುತ್ತ
ಎರಡು ವರ್ಷ ಹೋಯಿತು.
ಸಿಕ್ಕಿದ್ದಕ್ಕೆ ಹೆಸರಿಲ್ಲ. ನಲವತ್ತೊಂದು ಬಿ.

ಸಂಜೆ ಮಂಡಕ್ಕಿ ಭಟ್ಟಿಗೆ ಹೋದರೆ
ಅಬ್ಬಾ ಜರಡಿ ಹಿಡಿದಿರುತ್ತಾರೆ.
ಅದೇ ಮರಳು, ಅದೇ ಉರಿ,
ಆದರೂ ಅರಳದೆ ಕೆಳಗುದುರಿದ ಕಾಳು ಒಂದು ಹಿಡಿ.
"ಕಾಳಿನ ತಪ್ಪಲ್ಲ ಬೇಟಿ, ಉಪ್ಪುನೀರಿನ ಹದ ಹಿಡಿದಿಲ್ಲ."

ಹಿಂದಿನ ಕೋಣೆಯಲ್ಲಿ
ಗೋಡೆಗೆ ಮುಖಮಾಡಿ ಮಲಗಿದ ಜಬೀವುಲ್ಲಾನಿಗೆ
ಯಾರೂ ಆ ಮಾತು ಹೇಳಲಿಲ್ಲ.
ಅವನಿಗೆ ಹೇಳಿದ್ದು: ಏಳು. ಗಂಡಸಲ್ವಾ ನೀನು.
ತಾಯಿತ, ಮೂರನೇ ಡಾಕ್ಟರು, ನಾಲ್ಕನೇ ಗುಳಿಗೆ.
ಮಿರ್ಚಿ ತಟ್ಟೆ ಮುಂದಿಟ್ಟಾಗ ಅಂದ:
"ಅಕ್ಕಾ, ಖಾರ ಗೊತ್ತಾಗ್ತದೆ.
ಬೇಕು ಅನ್ನೋದು ಗೊತ್ತಾಗಲ್ಲ."
ಅನ್‌ಹೆಡೋನಿಯ ಎಂದು ಥೀಸಿಸ್ಸಿನಲ್ಲಿ
ಮೂವತ್ತು ಸಲ ಬರೆದವಳು ನಾನು.
ಅದರ ಅರ್ಥ ಅವತ್ತು ಬರೆದುಕೊಂಡೆ,
ಮೆಡಿಕಲ್ ಶಾಪಿನ ರಶೀದಿಯ ಹಿಂದೆ.

ನಾಲ್ಕು ನಿಮಿಷ ಹತ್ತು.
ಹದಿನೇಳು ನಿಂತಿತು. ಮೂಗಷ್ಟೇ ನೀರ ಮೇಲೆ.
ಪಂಜರ ತೊಳೆಯುತ್ತಿದ್ದ ಹಾಲೇಶಣ್ಣ ಬಗ್ಗಿ ನೋಡಿದ.
"ಸೋತಿಲ್ಲ ಬಿಡ್ರಿ ಮೇಡಂ ಅದು.
ಗ್ವಾಡಿ ಹತ್ತಾಕಾಗಲ್ಲ ಅಂತ ತಿಳಕಂಡೈತಿ.
ಉಸಿರು ಉಳಿಸ್ಕಂತೈತಿ."

ಬೆರಳು ಬಟನ್ನಿನ ಮೇಲೇ ಉಳಿಯಿತು.
ಒತ್ತಿದೆನೋ ಇಲ್ಲವೋ.
ಷರಾ ಎಂಬ ಕಾಲಮ್ಮು ಎರಡು ವರ್ಷದಿಂದ ಖಾಲಿ,
ಇವತ್ತೂ ಪೆನ್ನು ಅಲ್ಲಿಯವರೆಗೆ ಹೋಗಿ
ಒಂದು ಚುಕ್ಕೆ ಇಟ್ಟು ಬಂತು.

ಆರು ನಿಮಿಷ.
ಎತ್ತಿ ಟವೆಲ್ಲಿನಲ್ಲಿ ಸುತ್ತಿದೆ.
ಅಂಗೈಗೆ ಅದರ ಎದೆ,
ಯಾವ ಗಡಿಯಾರಕ್ಕೂ ಸಿಗದಷ್ಟು ಬೇಗ.
ಹಾಲೇಶಣ್ಣ ಬಲ್ಬು ಹಚ್ಚಿ ಪಂಜರ ಬೆಚ್ಚಗೆ ಮಾಡಿದ.
ನೀರು ಚೆಲ್ಲಿ ಬೇರೆ ತುಂಬಿದ.

ಹದಿನೆಂಟು.